ಪ್ರಾಚೀನ ಗ್ರೀಕ್-ರೋಮನ್ ನಾಗರಿಕತೆ ಮತ್ತು ತತ್ವಶಾಸ್ತ್ರವನ್ನು ಒಂದೇ ಪದವಿಯಲ್ಲಿ ಓದುವುದು ಒಳ್ಳೆಯದೇ?

ಖಂಡಿತ ಒಳ್ಳೆಯದು. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಇವೆರಡೂ ಜಂಟಿ ಪದವಿಯಾಗಿಯೇ ಸಿಗುತ್ತವೆ. ಆಕ್ಸ್‌ಫರ್ಡಿನ ನಾಲ್ಕು ವರ್ಷಗಳ ಕ್ಲಾಸಿಕ್ಸ್ (ಪ್ರಾಚೀನ ಗ್ರೀಕ್-ರೋಮನ್ ಅಧ್ಯಯನ) ಪದವಿಯಲ್ಲಂತೂ ತತ್ವಶಾಸ್ತ್ರಕ್ಕೆ ಬಹಳ ಹಿಂದಿನಿಂದಲೂ ಜಾಗವಿದೆ.

ಲಾಭವೇನು ಎಂದು ತಿಳಿಯಲು ಸಾಕ್ರಟೀಸನೊಬ್ಬನನ್ನು ನೋಡಿದರೆ ಸಾಕು. ತತ್ವಶಾಸ್ತ್ರದ ತರಗತಿಯಲ್ಲಿ ಅವನು ಬಹುಮಟ್ಟಿಗೆ ವಾದಗಳ ಸರಣಿ. ಇತಿಹಾಸ ಓದಿದವರಿಗೆ ಬೇರೆಯದೂ ಕಾಣುತ್ತದೆ: ಕ್ರಿ.ಪೂ. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಶರಣಾಯಿತು, ಮೂವತ್ತು ನಿರಂಕುಶರ ಆಳ್ವಿಕೆ ಬಂತು. ಅವರ ಮುಂದಾಳು ಕ್ರಿಟಿಯಾಸ್ ಒಂದು ಕಾಲದಲ್ಲಿ ಸಾಕ್ರಟೀಸನ ಒಡನಾಡಿ, ಸಾಕ್ರಟೀಸನ ಶಿಷ್ಯನಾದ ಪ್ಲೇಟೋನ ತಾಯಿಯ ಕಡೆಯ ಬಂಧು. ಪ್ರಜಾಪ್ರಭುತ್ವ ಮರಳಿದ ಮೇಲೆ, ಕ್ರಿ.ಪೂ. 399ರಲ್ಲಿ, ಸಾಕ್ರಟೀಸನಿಗೆ ಮರಣದಂಡನೆಯಾಯಿತು. ಪ್ಲೇಟೋ ಪ್ರಜಾಪ್ರಭುತ್ವದ ಮೇಲೆ ಅಷ್ಟೇಕೆ ಸಿಡುಕುತ್ತಾನೆ ಎಂಬುದು ಆಗ ಅರ್ಥವಾಗುತ್ತದೆ. (ಅವನ ವಾದ ಸರಿಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಇತಿಹಾಸ ಸಾಲದು.)

ಒಂದು ಎಚ್ಚರಿಕೆ: ನಾಗರಿಕತೆಯ ಕೋರ್ಸುಗಳು ಸಾಮಾನ್ಯವಾಗಿ ಅನುವಾದಗಳನ್ನೇ ನೆಚ್ಚಿಕೊಂಡಿರುತ್ತವೆ. ಮುಂದೆ ಪ್ರಾಚೀನ ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಆಸೆಯಿದ್ದರೆ ಮೊದಲ ವರ್ಷದಲ್ಲೇ ಗ್ರೀಕ್ ಕಲಿಯಲು ತೊಡಗಿ. ಇನ್ನು ತತ್ವಶಾಸ್ತ್ರದ ಕಡೆ ಸಾಂಕೇತಿಕ ತರ್ಕಶಾಸ್ತ್ರವೂ (ವಾದಗಳನ್ನು ಗಣಿತದಂತೆ ಚಿಹ್ನೆಗಳಲ್ಲಿ ಬರೆದು ಪರೀಕ್ಷಿಸುವ ವಿದ್ಯೆ) ಎದುರಾಗಬಹುದು. ಪುರಾಣಕಥೆಗಳ ಮೋಹದಿಂದಷ್ಟೇ ಸೇರಿದವರು ಅಲ್ಲಿ ತಡವರಿಸುತ್ತಾರೆ.