ಬೀರುವಿನಲ್ಲೇ ಹಾಳಾಗುವ ಟೆಂಟು: ಓದುಗರ ಪ್ರಶ್ನೆಗೆ ಉತ್ತರ

ಮಳೆ ಕಮ್ಮಿಯಾಗಿ ದಸರಾ ರಜೆ ಹತ್ತಿರ ಬಂದಾಗ ನನಗೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ಟೆಂಟ್ ಹೊರಗೆ ತೆಗೆದೆವು, ಕೆಟ್ಟ ವಾಸನೆ. ಬಟ್ಟೆ ಅಂಟಿಕೊಂಡಿದೆ. ಕಪ್ಪು ಚುಕ್ಕೆ ಬಿದ್ದಿದೆ. ಜೊತೆಗೆ ಮಾರಿದ ಅಂಗಡಿಯವನಿಗೆ ಬೈಗುಳ. ಟೆಂಟು, ರೇನ್‌ಕೋಟು ರಿಪೇರಿ ಮಾಡುವುದೇ ನನ್ನ ಕೆಲಸ. ನನ್ನ ಕೈಗೆ ಬರುವ ಟೆಂಟುಗಳಲ್ಲಿ ಕಾಡಲ್ಲಿ ಹರಿದವು ಕಮ್ಮಿ, ಮನೆಯಲ್ಲಿ ಇಟ್ಟಲ್ಲೇ ಹಾಳಾದವು ಜಾಸ್ತಿ. ಬೇಜಾರಾಗುವುದು ಅದಕ್ಕೇ. ಟೆಂಟ್ ಬಿಚ್ಚುವುದು, ಮಣ್ಣು ಕೊಡವುವುದು ಇವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ನಿಮಗೆ ಗೊತ್ತಿದೆ.

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರ. ಆರು ಜನರ ಟೆಂಟ್, ನಾಲ್ಕು ವರ್ಷ ಹಳೆಯದು. ಮೇ ತಿಂಗಳಲ್ಲಿ ಹೊಳೆ ಬದಿ ಎರಡು ರಾತ್ರಿ ಇದ್ದು ಬಂದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಅದರದ್ದೇ ಚೀಲಕ್ಕೆ ತುಂಬಿ ಬೀರು ಮೇಲೆ ಇಟ್ಟಿದ್ದೆವು. ಈಗ ತೆಗೆದರೆ ಮೇಲ್ಹೊದಿಕೆಯ ಒಳಮೈ ಅಂಟಂಟು. ವಾಂತಿಯ ಹಾಗೆ ಹುಳಿ ವಾಸನೆ. ಒಣಗಿಸಿಯೇ ಇಟ್ಟಿದ್ದೆವಲ್ಲ, ಹೀಗೇಕಾಯಿತು?

ಉತ್ತರ: ನೀವು ಒಣಗಿಸಿದ್ದು ನಿಜ. ಆದರೆ ಒಣಗಿದ್ದು ಹಾಗೇ ಉಳಿಯಲಿಲ್ಲ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರು ಮೇಲಿನ ಗಾಳಿಯೂ ಒದ್ದೆಯೇ. ನಂಬಿಕೆ ಬರದಿದ್ದರೆ ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ನೀರು ಎಳೆದುಕೊಂಡು ಒದ್ದೆಯಾಗುತ್ತದೆ. ಜುಲೈ ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ನಿಮ್ಮ ಭರಣಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಅಲ್ವಾ? ಉಪ್ಪು ನೀರಾಗುವ ಮನೆಯಲ್ಲಿ ಚೀಲದೊಳಗಿನ ಟೆಂಟ್ ಮಾತ್ರ ಒಣಗಿ ಕೂತಿರಲು ಸಾಧ್ಯವಿಲ್ಲ.

ಟೆಂಟಿನ ಮೇಲ್ಹೊದಿಕೆಗೂ ತಳಕ್ಕೂ ನೀರು ಸೋರದಿರಲಿ ಅಂತ ಒಂದು ತೆಳು ಲೇಪ ಕೊಟ್ಟಿರುತ್ತಾರೆ. ಮನೆಮಂದಿಯೆಲ್ಲ ಮಲಗುವ ದೊಡ್ಡ ಟೆಂಟುಗಳಲ್ಲಿ ಹೆಚ್ಚಾಗಿ ಅದು ಪಾಲಿಯುರಿಥೇನ್. ಈ ಪ್ಲಾಸ್ಟಿಕ್ಕಿಗೆ ನೀರಿನ ಆವಿಯೇ ಶತ್ರು. ಮಳೆಹನಿ ಬೀಳಬೇಕೆಂದೇ ಇಲ್ಲ. ಗಾಳಿಯಲ್ಲಿರುವ ತೇವ ನಿಧಾನವಾಗಿ ಅದರ ಕೊಂಡಿಗಳನ್ನು ಬಿಡಿಸುತ್ತಾ ಹೋಗುತ್ತದೆ. ಸೆಕೆಯೂ ಸೇರಿದರೆ ಇನ್ನೂ ಬೇಗ. ಮೊದಲು ವಾಸನೆ, ಆಮೇಲೆ ಅಂಟು, ಕೊನೆಗೆ ಹೊಟ್ಟಿನ ಹಾಗೆ ಉದುರುತ್ತದೆ. ನಿಮ್ಮ ಟೆಂಟಿಗೆ ಇದು ಈ ವರ್ಷ ಬಂದ ಕಾಯಿಲೆಯಲ್ಲ. ನಾಲ್ಕೂ ಮಳೆಗಾಲ ಸೇರಿ ಮಾಡಿದ ಕೆಲಸ. ಕೊಡಗಿನಲ್ಲಿ ಟೆಂಟ್ ಉಳಿಯಬೇಕಾದರೆ ಹೇಗೆ ಮಡಚಿದಿರಿ ಅನ್ನುವುದಕ್ಕಿಂತ ಯಾವಾಗ ಕಟ್ಟಿಟ್ಟಿರಿ, ಯಾವುದರೊಳಗೆ ಇಟ್ಟಿರಿ ಅನ್ನುವುದು ಮುಖ್ಯ.

ಮೊದಲು ಯಾವಾಗ ಅಂತ ನೋಡೋಣ. ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ಮುಗಿದ ಮೇಲೆ, ಮುಂಗಾರಿಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಮೋಡವಿಲ್ಲದ ಒಂದು ದಿನ ಹಿಡಿಯಿರಿ. ಬೆಳಿಗ್ಗೆ ಹತ್ತಕ್ಕೆ ಟೆಂಟ್ ಹೊರಗೆ ಬರಲಿ, ಮಧ್ಯಾಹ್ನ ಮೂರಕ್ಕೆ ಕಟ್ಟಿ ಮುಗಿಯಲಿ. ಸಂಜೆವರೆಗೆ ಬಿಟ್ಟರೆ ಮಂಜು ಇಳಿಯುವ ಹೊತ್ತಿಗೆ ಬಟ್ಟೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ನೈಲಾನ್ ಆದರಂತೂ ಹೆಚ್ಚು. ಮಾಮೂಲಿ ಗಾಳಿಯಲ್ಲೇ ನೈಲಾನ್ ತನ್ನ ತೂಕದ ಶೇಕಡಾ 4ರಷ್ಟು ನೀರು ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ ಅರ್ಧಕ್ಕಿಂತ ಕಮ್ಮಿ. ಟೂರ್ ಮುಗಿಸಿ ಬಂದ ರಾತ್ರಿಯೇ ಕಟ್ಟಿ ಅಟ್ಟಕ್ಕೆ ಏರಿಸುವವರಿಗೆ ನಾನು ಏನೂ ಸಹಾಯ ಮಾಡಲಾರೆ.

ಕಾಫಿ ಕಣದ ಮೇಲೆ ಹರಡಬೇಡಿ. ಎಷ್ಟೋ ಮನೆಗಳಲ್ಲಿ ಈ ರೂಢಿ ಇದೆ. ಕಾದ ಸಿಮೆಂಟು ಕೆಳಗಿಂದ ಲೇಪವನ್ನು ಬೇಯಿಸುತ್ತದೆ, ಮೇಲಿಂದ ಬಿಸಿಲು ನೂಲನ್ನು ತಿನ್ನುತ್ತದೆ. ಕಾರ್ ಶೆಡ್ಡಿನಲ್ಲೋ ಜಗಲಿಯಲ್ಲೋ ಹಗ್ಗ ಕಟ್ಟಿ ನೆರಳಲ್ಲಿ ತೂಗುಹಾಕಿ, ಒಳಮೈ ಹೊರಗೆ ಮಾಡಿ. ಒಂದು ಫ್ಯಾನ್ ಇಟ್ಟರೆ ಇನ್ನೂ ಒಳ್ಳೆಯದು.

ಈಗ ಬಹಳ ಜನ ಏಮಾರುವ ಜಾಗ. ಅಂಗೈಯಿಂದ ಬಟ್ಟೆ ಸವರಿ ನೋಡಿ ಒಣಗಿದೆ ಅಂದುಬಿಡುತ್ತಾರೆ. ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ನೀರು ಕೂತಿರುವುದು ತಳದ ನಾಲ್ಕು ಮೂಲೆಯಲ್ಲಿ, ಗೂಟ ಸಿಕ್ಕಿಸಲು ಹೊಲಿದ ದಪ್ಪ ಪಟ್ಟಿಯಲ್ಲಿ. ಅಲ್ಲಿ ಪಟ್ಟಿ ಎರಡು ಮೂರು ಮಡಿಕೆಯಾಗಿ, ಅದರ ಮೇಲೆ ಅಡ್ಡಾದಿಡ್ಡಿ ಹೊಲಿಗೆ ಬಿದ್ದಿರುತ್ತದೆ. ಆ ಪಟ್ಟಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಮೇಲ್ದುಟಿಗೆ ತಾಗಿಸಿ. ಬಟ್ಟೆಗಿಂತ ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಬೆರಳಿಗೆ ತಿಳಿಯದ ತಂಪು ತುಟಿಗೆ ತಿಳಿಯುತ್ತದೆ. ಜಿಪ್ಪಿನ ಅಂಚು, ಪೋಲ್ ತೂರಿಸುವ ಕೊಳವೆ, ಕಟ್ಟುವ ಹಗ್ಗದ ಗಂಟು ಇವನ್ನೂ ಹೀಗೇ ನೋಡಿ.

ಇನ್ನೂ ಗಟ್ಟಿಯಾದ ಪರೀಕ್ಷೆ ತೂಕ. ಕರಿಮೆಣಸು ತೂಗುವ ತಕ್ಕಡಿ ಮನೆಯಲ್ಲಿ ಇದ್ದೇ ಇರುತ್ತದೆ. ಫೆಬ್ರವರಿ ಮಾರ್ಚ್ ತಿಂಗಳ ಒಣ ದಿನ ಒಮ್ಮೆ ಪೋಲು ಗೂಟ ಬಿಟ್ಟು ಬರೀ ಬಟ್ಟೆ ತೂಗಿ, ಆ ತೂಕವನ್ನು ಚೀಲದ ಮೇಲೆ ಮಾರ್ಕರಿನಿಂದ ಬರೆದಿಡಿ. ಮೇ ತಿಂಗಳಲ್ಲಿ ಕಟ್ಟುವ ಮುಂಚೆ ಮತ್ತೆ ತೂಗಿ. 200 ಗ್ರಾಂ ಹೆಚ್ಚು ಬಂದರೆ ಅದು ನೀರು, ಇಲ್ಲವೇ ಹೊಳೆಯ ಮರಳು. ಎರಡೂ ಹೋಗಬೇಕು.

ಇನ್ನು ಯಾವುದರೊಳಗೆ ಇಡುವುದು. ಗಾಳಿಯಾಡುವ ಹತ್ತಿ ಚೀಲದಲ್ಲಿ ಸಡಿಲವಾಗಿ ಇಡಿ ಅಂತ ಟೆಂಟಿನ ಜೊತೆ ಬರುವ ಚೀಟಿಯಲ್ಲಿ ಬರೆದಿರುತ್ತದೆ. ಒಣ ಊರಿಗೆ ಅದು ಸರಿಯಾದ ಮಾತು. ನಮ್ಮಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಸರಿ. ಮಳೆಗಾಲಕ್ಕೆ ಇದು ಪೂರ್ತಿ ತಪ್ಪು. ಗಾಳಿಯಾಡುವ ಚೀಲದೊಳಗೆ ಆಡುವುದು ಜುಲೈ ತಿಂಗಳ ಗಾಳಿಯೇ. ಮಳೆಗಾಲಕ್ಕೆ ಬೇಕಾದದ್ದು ಗಾಳಿ ಹೋಗದ ಡ್ರಮ್ಮು. ಮುಚ್ಚಳಕ್ಕೆ ರಬ್ಬರ್ ಬಳೆ ಇದ್ದು, ಸುತ್ತ ಕಬ್ಬಿಣದ ಪಟ್ಟಿ ಬಿಗಿಯುವ ಪ್ಲಾಸ್ಟಿಕ್ ಡ್ರಮ್ಮು ಸಿಗುತ್ತದಲ್ಲ, ಅದು. ಹೊಸದೇ ತನ್ನಿ. ತೋಟಕ್ಕೆ ಔಷಧಿ ಬಂದ ಹಳೆ ಡ್ರಮ್ಮನ್ನು ತೊಳೆದು ಬಳಸುತ್ತೇನೆ ಅನ್ನಬೇಡಿ. ಮಕ್ಕಳು ಮಲಗುವ ಬಟ್ಟೆ ಅದು. ಕ್ಲಿಪ್ ಹಾಕುವ ಪಾರದರ್ಶಕ ಡಬ್ಬಗಳನ್ನೂ ನಂಬಬೇಡಿ. ಮುಚ್ಚಿ ಬದಿ ಒತ್ತಿದಾಗ ಗಾಳಿ ಉಸ್ಸೆಂದು ಹೊರಗೆ ಬಂದರೆ ತೇವವೂ ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ.

ಡ್ರಮ್ಮಿನೊಳಗೆ ಸಿಲಿಕಾ ಜೆಲ್ ಬೇಕು. ಶೂ ಡಬ್ಬದಲ್ಲಿ ಬರುವ ಸಣ್ಣ ಪೊಟ್ಟಣದಿಂದ ಏನೂ ಆಗುವುದಿಲ್ಲ. ಟೆಂಟ್ ಹಿಡಿಸುವ ಒಂದು ಡ್ರಮ್ಮಿಗೆ ನಾನು ಅರ್ಧ ಕೆಜಿ ಹಾಕುತ್ತೇನೆ, ತೆಳು ಬಟ್ಟೆಯ ಗಂಟು ಕಟ್ಟಿ. ಬಣ್ಣ ಬದಲಾಗುವಂಥದ್ದು ಕೊಳ್ಳಿ. ಕಿತ್ತಳೆ ಬಣ್ಣದ್ದು ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಇರುವುದರಿಂದ ಮಕ್ಕಳಿರುವ ಮನೆಗೆ ಬೇಡ. ಮುಂದಿನ ವರ್ಷ ಬೇರೆಯದೇ ಬಾಣಲೆಯಲ್ಲಿ, ಅಡುಗೆಗೆ ಬಳಸದ್ದರಲ್ಲಿ, ಸಣ್ಣ ಉರಿಯಲ್ಲಿ ಬಣ್ಣ ವಾಪಸ್ ಬರುವವರೆಗೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಒಂದು ಎಚ್ಚರಿಕೆ. ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಕುಡಿದರೆ ಹೆಚ್ಚು. ಅರ್ಧ ಕೆಜಿ ಅಂದರೆ ಸುಮಾರು 160 ಗ್ರಾಂ ನೀರು. ನೀವು ಪಟ್ಟಿಯಲ್ಲಿ 300 ಗ್ರಾಂ ನೀರು ಬಿಟ್ಟು ಮುಚ್ಚಿದರೆ ಅದು ಸೋಲುತ್ತದೆ. ಗಾಳಿಯಾಡದ ಡ್ರಮ್ಮಿನಲ್ಲಿ ಹಸಿ ಟೆಂಟ್ ಇಟ್ಟರೆ ಬೀರುವಿಗಿಂತ ಬೇಗ ಬೂಷ್ಟು ಹಿಡಿಯುತ್ತದೆ. ತುಟಿಯ ಪರೀಕ್ಷೆ, ತೂಕ ಅಂತ ಅಷ್ಟು ಹೇಳಿದ್ದು ಇದಕ್ಕೇ.

ಡ್ರಮ್ಮನ್ನು ಒಳಗೋಡೆ ಬದಿ, ಹಲಗೆಯ ಮೇಲೆ ಇಡಿ. ಮಳೆ ಹೊಡೆಯುವ ಪಡುವಣ ಗೋಡೆಗೆ ತಾಗಿಸಬೇಡಿ. ಹಂಚಿನ ಕೆಳಗಿನ ಅಟ್ಟವೂ ಬೇಡ, ಬೇಸಿಗೆಯಲ್ಲಿ ಅಲ್ಲಿ ವಿಪರೀತ ಸೆಕೆ. ಮತ್ತೆ ಪುತ್ತರಿ, ಅಂದರೆ ನವೆಂಬರ್ ಕೊನೆ ಡಿಸೆಂಬರ್ ಹೊತ್ತಿಗೆ ಬರುವ ಕೊಡಗಿನ ಸುಗ್ಗಿ ಹಬ್ಬ, ಮುಗಿಯುವ ತನಕ ತೆಗೆಯುವುದು ಬೇಡ.

ಇನ್ನು ನಿಮ್ಮ ಈಗಿನ ಟೆಂಟ್. ಅಂಟಾದ ಲೇಪ ಸರಿಯಾಗುವುದಿಲ್ಲ. ಸೋಡಾ ಪುಡಿ, ಟಾಲ್ಕಂ ಪೌಡರ್, ನಿಂಬೆರಸ ಅಂತ ವಿಡಿಯೋಗಳಲ್ಲಿ ತೋರಿಸುವುದೆಲ್ಲ ಒಂದು ವಾರ ಅಂಟು ಮರೆಮಾಚುತ್ತದೆ, ಅಷ್ಟೇ. ಹಳೆ ಲೇಪದ ಮೇಲೆ ಹೊಸ ಸ್ಪ್ರೇ ಹೊಡೆದುಕೊಡುತ್ತೇವೆ ಅಂತ ದುಡ್ಡು ಕೀಳುವವರಿದ್ದಾರೆ. ಕಳಚುತ್ತಿರುವ ಪದರದ ಮೇಲೆ ಯಾವ ಸ್ಪ್ರೇಯೂ ನಿಲ್ಲುವುದಿಲ್ಲ. ದಯವಿಟ್ಟು ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಳಗಿನ ಮಲಗುವ ಭಾಗಕ್ಕೆ ಲೇಪ ಇರುವುದು ತಳಕ್ಕೆ ಮಾತ್ರ. ಅದು ಚೆನ್ನಾಗಿದ್ದರೆ ಇಟ್ಟುಕೊಂಡು, ಮೇಲ್ಹೊದಿಕೆಗೆ ಒಳ್ಳೆಯ ಟಾರ್ಪಾಲು ಕಟ್ಟಿ ಬೇಸಿಗೆಯಲ್ಲಿ ಬಳಸಿ. ಹೊಲಿಗೆಯ ಮೇಲಿನ ಟೇಪ್ ಮಾತ್ರ ಎದ್ದಿದ್ದು ಬಟ್ಟೆ ಅಂಟಿಲ್ಲದಿದ್ದರೆ ಅದು ಬೇರೆ ಮಾತು. ಹಳೆ ಟೇಪ್ ಕಿತ್ತು, ಹೊಲಿಗೆಗೆ ಹಚ್ಚುವ ಸೀಲರ್ ಬಳಿದರೆ ಇನ್ನೂ ಕೆಲವು ವರ್ಷ ಬರುತ್ತದೆ.

ಪ್ರಶ್ನೆ: ನುಸಿಗುಳಿಗೆ ಎಷ್ಟು ಹಾಕಬೇಕು?

ಉತ್ತರ: ಒಂದೂ ಬೇಡ. ನುಸಿಗುಳಿಗೆ ಉಣ್ಣೆ ತಿನ್ನುವ ಹುಳಕ್ಕೆ. ನೈಲಾನ್, ಪಾಲಿಯೆಸ್ಟರ್ ಅನ್ನು ಆ ಹುಳ ತಿನ್ನುವುದಿಲ್ಲ. ತೇವವನ್ನೂ ಅದು ತೆಗೆಯುವುದಿಲ್ಲ. ಅದರ ವಾಸನೆ ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ, ಆ ವಾಸನೆ ಎಳೆ ಮಕ್ಕಳಿಗೆ ಅಪಾಯ. ಕೆಲವು ಮಕ್ಕಳಲ್ಲಿ ರಕ್ತಕಣ ಒಡೆಯುವಷ್ಟು ತೊಂದರೆ ಮಾಡುತ್ತದೆ. ಮುಚ್ಚಿದ ಟೆಂಟಿನಲ್ಲಿ ಅವರು ರಾತ್ರಿಯಿಡೀ ಅದನ್ನೇ ಉಸಿರಾಡುತ್ತಾರೆ. ಕರ್ಪೂರವೂ ಬೇಡ. ಬೇವಿನ ಸೊಪ್ಪಂತೂ ತಾನೇ ತೇವ, ಕಲೆ ಬೇರೆ.

ಪ್ರಶ್ನೆ: ಬೀರುವಿನಲ್ಲಿ ಒಂದು ಬಟ್ಟಲು ಕಲ್ಲುಪ್ಪು ಇಟ್ಟರೆ ತೇವ ಎಳೆಯುತ್ತದಂತೆ, ನಿಜವೇ?

ಉತ್ತರ: ಎಳೆಯುತ್ತದೆ, ಆದರೆ ಶೇಕಡಾ 75ರ ಹತ್ತಿರ ಬಂದಾಗ ನಿಲ್ಲಿಸಿಬಿಡುತ್ತದೆ. ಬೂಷ್ಟಿಗೆ ಅಷ್ಟು ತೇವ ಧಾರಾಳ ಸಾಕು.

ಪ್ರಶ್ನೆ: ತೋಟದ ಗೋದಾಮಿನಲ್ಲಿ ಜಾಗ ಇದೆ, ಕಾಫಿ ಇಡುವಷ್ಟು ಒಣ ಜಾಗ. ಅಲ್ಲಿ ಗೋಣಿಚೀಲದಲ್ಲಿ ಇಡಬಹುದೇ?

ಉತ್ತರ: ಬೇಡ. ಮಳೆಗಾಲದಲ್ಲಿ ಗೋಣಿಯೇ ಒದ್ದೆ. ಅದೇ ಗೋದಾಮಿನ ಇನ್ನೊಂದು ಮೂಲೆಯಲ್ಲಿ ಯೂರಿಯಾ, ಪೊಟ್ಯಾಷ್, ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ, ಸುಣ್ಣ ಇರುತ್ತವೆ. ಯೂರಿಯಾ ತೇವ ಎಳೆದು ನೆಲಕ್ಕೆ ಒಸರುತ್ತದೆ. ಇಲಿಯ ಕಾಟವೂ ಇದೆ. ಟೆಂಟಿನ ಜೇಬಿನಲ್ಲಿ ಮಗು ಬಿಟ್ಟ ಒಂದು ಚಾಕೊಲೇಟ್ ಕಾಗದ ಸಾಕು, ಇಲಿ ಬಟ್ಟೆ ಕಡಿದೇ ಒಳಗೆ ಹೋಗುತ್ತದೆ. ಎಲ್ಲಿ ಇಟ್ಟರೂ ಜೇಬುಗಳನ್ನು ಒಳಹೊರಗು ಮಾಡಿ ನೋಡಿ.

ಪ್ರಶ್ನೆ: ಕಪ್ಪು ಚುಕ್ಕೆ ಹೋಗಲು ವಾಷಿಂಗ್ ಮೆಷಿನ್‌ಗೆ ಹಾಕಬಹುದೇ? ಬ್ಲೀಚ್? ಡ್ರೈಕ್ಲೀನ್?

ಉತ್ತರ: ಮೂರೂ ಬೇಡ. ಮೆಷಿನ್ನು ಲೇಪ ಹರಿಯುತ್ತದೆ, ಬ್ಲೀಚು ನೂಲು ತಿನ್ನುತ್ತದೆ, ಡ್ರೈಕ್ಲೀನಿನ ದ್ರಾವಣ ಟೇಪನ್ನೇ ಬಿಡಿಸುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬ್ರಷ್‌ನಿಂದ ಬೂಷ್ಟು ಉದುರಿಸಿ, ಸೌಮ್ಯ ಸೋಪಿನ ತಣ್ಣೀರಲ್ಲಿ ಸ್ಪಾಂಜಿನಿಂದ ಒರೆಸಿ, ಪೂರ್ತಿ ಒಣಗಿಸಿ. ಕಲೆ ಉಳಿಯುತ್ತದೆ. ಉಳಿಯಲಿ. ಬಟ್ಟೆ ಗಟ್ಟಿ ಇದ್ದರೆ ಕಲೆಯಿಂದ ನೀರು ಸೋರುವುದಿಲ್ಲ.

ಪ್ರಶ್ನೆ: ಜಿಪ್ ಬಿಗಿಯಾಗಿದೆ, ಕೊಬ್ಬರಿ ಎಣ್ಣೆ ಹಚ್ಚಲೇ?

ಉತ್ತರ: ಹಚ್ಚಿದರೆ ಧೂಳು, ಇರುವೆ ಎರಡೂ ಬರುತ್ತವೆ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮರಳು ತೆಗೆದು, ಮೇಣದ ಬತ್ತಿ ಉಜ್ಜಿ.

ಪ್ರಶ್ನೆ: ಕುಶಾಲನಗರದಲ್ಲಿರುವ ನಮಗೂ ಈ ಡ್ರಮ್ಮಿನ ರಗಳೆ ಬೇಕೇ?

ಉತ್ತರ: ನಿಮ್ಮಲ್ಲಿ ಮಡಿಕೇರಿಗಿಂತ ಮಳೆ ಎಷ್ಟೋ ಕಮ್ಮಿ. ಜುಲೈಯಲ್ಲಿ ಉಪ್ಪು ಉದುರುದುರಾಗಿಯೇ ಇದ್ದರೆ ಹತ್ತಿ ಚೀಲ ಸಾಕು. ಒದ್ದೆಯಾದರೆ ಡ್ರಮ್ಮು ತನ್ನಿ.

ಪ್ರಶ್ನೆ: ಮಡಚಬೇಕೇ, ಸುತ್ತಬೇಕೇ? ಪೋಲು, ಗೂಟಗಳನ್ನು ಜೊತೆಗೇ ಇಡಬಹುದೇ?

ಉತ್ತರ: ಹೇಗಾದರೂ ಸರಿ, ಪ್ರತಿ ವರ್ಷ ಅದೇ ಗೆರೆಯಲ್ಲಿ ಮಡಚಬೇಡಿ. ಗೆರೆ ಬಿದ್ದಲ್ಲೇ ಲೇಪ ಬಿರುಕು ಬಿಡುತ್ತದೆ. ಸಡಿಲವಾಗಿ ತುರುಕಿದರೂ ಪರವಾಗಿಲ್ಲ. ಗೂಟ ಮಾತ್ರ ಬೇರೆ ಚೀಲದಲ್ಲಿ. ಕಬ್ಬಿಣದ ಗೂಟಕ್ಕೆ ತುಕ್ಕು ಹಿಡಿದು ಬಟ್ಟೆಗೆ ತಾಗಿದರೆ ಆ ಕಲೆ ಹೋಗುವುದಿಲ್ಲ, ಚೂಪಾದ ತುದಿ ತಳವನ್ನು ಚುಚ್ಚುತ್ತದೆ. ಪೋಲನ್ನು ಒಂದು ತುದಿಯಿಂದ ಬಿಚ್ಚುತ್ತಾ ಬರಬೇಡಿ. ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಮಡಚಿ. ಆಗ ಒಳಗಿನ ಇಲಾಸ್ಟಿಕ್ ಹಗ್ಗದ ಮೇಲೆ ಎಳೆತ ಸಮವಾಗಿ ಬೀಳುತ್ತದೆ. ಫೈಬರ್ ಪೋಲಿನ ತುದಿ ಸೀಳಿದ್ದರೆ ಬರಿಗೈಯಲ್ಲಿ ಸವರಬೇಡಿ, ಮುಳ್ಳು ಚರ್ಮದೊಳಗೆ ಹೋದರೆ ಕಣ್ಣಿಗೂ ಕಾಣುವುದಿಲ್ಲ. ಅಂಥ ತುಂಡನ್ನು ಮಳೆಗಾಲಕ್ಕೆ ಮುಂಚೆಯೇ ಬದಲಾಯಿಸಿ. ಡಿಸೆಂಬರಿನಲ್ಲಿ ಎಲ್ಲರೂ ಒಟ್ಟಿಗೆ ಕೇಳಿಕೊಂಡು ಬರುತ್ತಾರೆ, ಆಗ ಸರಿಯಾದ ಅಳತೆಯದು ಸಿಗುವುದು ಕಷ್ಟ.