ಯಾವ ಗ್ರಾಹಕ, ದೇಹದ ಯಾವ ಭಾಗದಲ್ಲಿ?

ಆತ್ಮೀಯರೇ, ಸ್ಟೀರಾಯ್ಡ್ ಹಾರ್ಮೋನು ಮತ್ತು ಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಕುರಿತ ನಿಮ್ಮ ಲೇಖನ ವಿರಾಜಪೇಟೆಯಿಂದ ಬಂದು ತಲುಪಿದೆ. ಭಾಷೆ ತಿಳಿಯಾಗಿದೆ, ಕಷ್ಟದ ವಿಷಯಕ್ಕೆ ಕೈ ಹಾಕಿದ್ದೀರಿ, ಎರಡಕ್ಕೂ ಅಭಿನಂದನೆಗಳು. ಆದರೆ ಮೂರನೆಯ ಪ್ಯಾರಾ ಓದಿ ನನಗೆ ಸಿಟ್ಟು ಬಂತು. ಉಳಿದುದನ್ನು ಬದಿಗಿಟ್ಟು ಅದರ ಬಗ್ಗೆಯೇ ಬರೆಯುತ್ತೇನೆ.

ಅದರ ಮೊದಲ ಸಾಲು: ‘ಸ್ಟೀರಾಯ್ಡ್ ಹಾರ್ಮೋನುಗಳು ಸೆರೊಟೋನಿನ್ ಗ್ರಾಹಕಗಳನ್ನು ಕುಗ್ಗಿಸುತ್ತವೆ.’ ಗ್ರಾಹಕವೆಂದರೆ ಇಂಥ ರಾಸಾಯನಿಕ ಬಂದು ಅಂಟಿಕೊಳ್ಳುವ, ಕೋಶದಲ್ಲಿರುವ ಪ್ರೋಟೀನು. ಯಾವ ಸ್ಟೀರಾಯ್ಡ್? ಕಾರ್ಟಿಸೋಲ್, ಈಸ್ಟ್ರಡಯಾಲ್ (ಈಸ್ಟ್ರೋಜನ್‌ನ ಒಂದು ಬಗೆ), ಪ್ರೊಜೆಸ್ಟರೋನ್ ಎಲ್ಲವೂ ಕೊಲೆಸ್ಟರಾಲ್‌ನಿಂದಲೇ ತಯಾರಾದರೂ ಅವುಗಳ ಕೆಲಸ ಬೇರೆ ಬೇರೆ. ಯಾವ ಗ್ರಾಹಕ? ಏಳು ಕುಟುಂಬಗಳಲ್ಲಿ ಸುಮಾರು 14 ಬಗೆಯ ಸೆರೊಟೋನಿನ್ ಗ್ರಾಹಕಗಳಿವೆ. ಇಲಿಯ ಅಡ್ರಿನಲ್ ಗ್ರಂಥಿಗಳನ್ನು ತೆಗೆದರೆ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ 1ಎ ಎಂಬ ಬಗೆಯ ಸೆರೊಟೋನಿನ್ ಗ್ರಾಹಕಗಳು ಹೆಚ್ಚುತ್ತವೆ. ಆ ಗ್ರಂಥಿಗಳು ತಯಾರಿಸುವ, ಕಾರ್ಟಿಸೋಲ್‌ನಂಥದೇ ಸ್ಟೀರಾಯ್ಡ್ ಆದ ಕಾರ್ಟಿಕೊಸ್ಟೆರಾನ್ ಕೊಟ್ಟರೆ ಮತ್ತೆ ಇಳಿಯುತ್ತವೆ. ಅಂಡಾಶಯ ತೆಗೆದ ಹೆಣ್ಣಿಲಿಗೆ ಈಸ್ಟ್ರಡಯಾಲ್ ಕೊಟ್ಟಾಗಲಾದರೋ ಮಿದುಳಿನ ಮುಂಭಾಗದಲ್ಲಿ 2ಎ ಬಗೆಯ ಗ್ರಾಹಕಗಳು ಏರುತ್ತವೆ. ಎರಡೂ ಸ್ಟೀರಾಯ್ಡ್‌ಗಳೇ, ದಿಕ್ಕು ಮಾತ್ರ ವಿರುದ್ಧ.

ಎರಡನೆಯ ಸಾಲು: ‘ಈ ಪರಿಣಾಮ ಕ್ಷಣಾರ್ಧದಲ್ಲಿ ಆಗುತ್ತದೆ.’ ಮೇಲಿನ ಬದಲಾವಣೆಗಳು ಹಾಗೆ ಆಗುವಂಥವಲ್ಲ. ಹಾರ್ಮೋನು ಕೋಶದೊಳಗೆ ಹೋಗಿ, ತನ್ನದೇ ಗ್ರಾಹಕಕ್ಕೆ ಅಂಟಿ, ಜೀನುಗಳ ಕೆಲಸವನ್ನು ಏರಿಳಿಸಿ, ಅದರಿಂದ ಸೆರೊಟೋನಿನ್ ಗ್ರಾಹಕಗಳ ತಯಾರಿಕೆ ಬದಲಾಗಲು ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಕ್ಷಿಪ್ರವಾಗಿ ನಡೆಯುವ ಇನ್ನೊಂದು ದಾರಿಯೂ ಇದೆ. ಸೆರೊಟೋನಿನ್ ಗ್ರಾಹಕಗಳಲ್ಲಿ 3ನೆಯ ಕುಟುಂಬ ಮಾತ್ರ ಅಯಾನುಗಳನ್ನು, ಅಂದರೆ ವಿದ್ಯುದಂಶವಿರುವ ಕಣಗಳನ್ನು, ಒಳಬಿಡುವ ಬಾಗಿಲಿನಂತಿದೆ; ಪ್ರಯೋಗಾಲಯದ ಕೋಶಗಳಲ್ಲಿ ಪ್ರೊಜೆಸ್ಟರೋನ್ ಜೀನುಗಳ ತಂಟೆಗೇ ಹೋಗದೆ ಅದರ ಮೂಲಕ ಹರಿಯುವ ವಿದ್ಯುತ್ತನ್ನು ನೇರವಾಗಿ ತಗ್ಗಿಸುತ್ತದೆ. ನಿಮ್ಮ ‘ಕ್ಷಣಾರ್ಧ’ಕ್ಕೆ ಜಾಗವಿದ್ದದ್ದು ಅಲ್ಲಿ, ಆದರೆ ಈ ಗ್ರಾಹಕದ ಹೆಸರೇ ನಿಮ್ಮ ಲೇಖನದಲ್ಲಿಲ್ಲ.

ನಾನು ಮಡಿಕೇರಿಯ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಾ ಕೆಲಸ ಕಲಿತವನು. ಅಲ್ಲಿದ್ದ ಹಿರಿಯ ಉಪಸಂಪಾದಕರು ‘ಕೊಡಗಿನಲ್ಲಿ ಭಾರೀ ಮಳೆ’ ಎಂಬ ವರದಿಯನ್ನು ಎಂದೂ ಹಾಗೆಯೇ ಅಚ್ಚಿಗೆ ಬಿಡುತ್ತಿರಲಿಲ್ಲ. ಭಾಗಮಂಡಲದ ಮಳೆಯೋ, ಕುಶಾಲನಗರದ ಮಳೆಯೋ, ಯಾವ ದಿನದ ಬೆಳಿಗ್ಗೆ ಅಳೆದದ್ದೋ ಎಂದು ಕೇಳಿ, ವರದಿಗಾರನಿಂದ ಉತ್ತರ ತರಲು ನನ್ನನ್ನೇ ಅಟ್ಟುತ್ತಿದ್ದರು. ಭಾಗಮಂಡಲದಲ್ಲಿ ಸೇತುವೆ ಮುಳುಗುವ ವಾರದಲ್ಲಿ ಕುಶಾಲನಗರದ ರೈತ ಮುಗಿಲು ನೋಡುತ್ತಿರಬಹುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ದೇಹದ ಬಗ್ಗೆ ಬರೆಯುವವರಿಂದ ನಾನು ಕೇಳುವುದೂ ಅಷ್ಟೇ ನಿಖರತೆಯನ್ನು.

ಇನ್ನು ನನ್ನನ್ನು ನಿಜವಾಗಿ ಕೆರಳಿಸಿದ ಸಾಲು: ‘ಕಾಫಿ ಕೊಯ್ಲಿನ ಕಾಲದಲ್ಲಿ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಹೆಂಗಸರಿಗೆ ಕವಿಯುವ ಬೇಸರಕ್ಕೆ ಈಸ್ಟ್ರೋಜನ್ ಇಳಿಕೆಯಿಂದ ಕುಗ್ಗಿದ ಗ್ರಾಹಕಗಳೇ ಕಾರಣ.’ ಯಾರ ರಕ್ತ ಪರೀಕ್ಷಿಸಿ ಇದನ್ನು ಬರೆದಿರಿ? ಅಂಡಾಶಯ ತೆಗೆದ ಇಲಿಯ ಮಿದುಳಿನಲ್ಲಿ ಕಂಡದ್ದನ್ನು, ಡಿಸೆಂಬರಿನ ಮಂಜಿನಲ್ಲಿ ಮಗುವನ್ನು ಗಿಡದ ಬುಡದಲ್ಲಿ ಕೂರಿಸಿ ಹಣ್ಣು ಕೊಯ್ಯುವ ಹೆಂಗಸಿನ ಮೇಲೆ ಹೊರಿಸುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ಅವಳ ಬೇಸರಕ್ಕೆ ಕೂಲಿ, ಸಾಲ, ಚಳಿ, ನಿದ್ದೆಗೇಡು ಕಾರಣಗಳಿರಬಹುದು. ಅವಳನ್ನು ಕೇಳದೆ ಅದನ್ನೂ ಹೇಳುವಂತಿಲ್ಲ. ಈ ಸಾಲನ್ನು ಪೂರ್ತಿ ತೆಗೆಯಿರಿ.

ದೇಹವೆಂದು ಬರೆದು ಮಿದುಳಿನಲ್ಲೇ ನಿಂತಿದ್ದೀರಿ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ತಯಾರಾಗುವುದು ಕರುಳಿನಲ್ಲಿ. ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಕ್ಯಾನ್ಸರ್ ಔಷಧಿಯಿಂದಾಗುವ ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಕರುಳಿನ ನರತುದಿಗಳಲ್ಲೂ ಇರುವ ಅದೇ 3ನೆಯ ಕುಟುಂಬದ ಗ್ರಾಹಕವನ್ನು ತಡೆಯುತ್ತದೆ; ಅದರ ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನೂ ಕೊಡುವುದು ವಾಡಿಕೆ. ಚಿಕಿತ್ಸೆಗಾಗಿ ಮೈಸೂರಿಗೆ ಓಡಾಡಿದ ಇಲ್ಲಿನ ಎಷ್ಟೋ ಮನೆಗಳವರು ಈ ಎರಡೂ ಹೆಸರುಗಳನ್ನು ಚೀಟಿಯಲ್ಲಿ ಕಂಡಿರುತ್ತಾರೆ. ಲೇಖನವನ್ನು ಅಲ್ಲಿಂದ ಆರಂಭಿಸಿ, ಪ್ರತಿ ಪ್ರಯೋಗದ ಜೊತೆಗೆ ಪ್ರಾಣಿ, ಅಂಗ, ಹಾರ್ಮೋನುಗಳ ಹೆಸರು ಹೇಳಿ ಕಳುಹಿಸಿ. ಎರಡು ಪುಟ ಬಿಟ್ಟುಕೊಡುತ್ತೇನೆ.