ಚರ್ಮದ ಮಾತು: ಕ್ರೀಮಿಗಿಂತ ಮೊದಲು ಬಚ್ಚಲ ಕಡೆ ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳವು. ಬೆಳಗಿನ ಹೊತ್ತು ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವ ದಿನಗಳು ಶುರುವಾದರೆ ಆ ಕಡೆಯಿಂದ ಬರುವುದು ಒಂದೇ ದೂರು: ಮೈ ಒಡೆಯುತ್ತಿದೆ, ಏನು ಹಚ್ಚೋಣ?

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೊಣಕಾಲ ಕೆಳಗೆ ಬೂದಿ ಬಳಿದಂತಾಗುತ್ತದೆ. ರಾತ್ರಿ ನವೆ. ನಾಲ್ಕು ಕಂಪನಿಯ ಲೋಷನ್ ನೋಡಿದ್ದಾಯಿತು, ಹಚ್ಚಿದ ಒಂದು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಇನ್ನೂ ದುಬಾರಿಯದ್ದು ಕೊಳ್ಳಬೇಕೆ? (ಗೃಹಿಣಿ, ಚಳ್ಳಕೆರೆ)

ಉತ್ತರ: ಬೇಡ. ಐದನೆಯ ಬಾಟಲಿ ತರುವ ಮುನ್ನ ನಿಮ್ಮ ಬಚ್ಚಲ ಬಕೆಟ್ಟಿನ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಬಿಳಿ ಜಿಡ್ಡಿನ ಪೊರೆ ಕೈಗೆ ಹತ್ತಿದರೆ ಅದೇ ಪೊರೆ ನಿಮ್ಮ ಕಾಲ ಮೇಲೂ ಕೂತಿದೆ ಎಂದು ತಿಳಿಯಿರಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದಾಗ ನೀರಲ್ಲಿ ಕರಗದ ಈ ಅಂಟು ಹುಟ್ಟುತ್ತದೆ. ಎಷ್ಟು ಚೊಂಬು ನೀರು ಹೊಯ್ದುಕೊಂಡರೂ ಪೂರ್ತಿ ಹೋಗುವುದಿಲ್ಲ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5. ಮಾಮೂಲಿ ಸೋಪು 9ರಿಂದ 10, ಅಂದರೆ ಕ್ಷಾರ. ದಿನಾ ಇಡೀ ಮೈಗೆ ಅದನ್ನು ತಿಕ್ಕಿ, ಮೇಲೆ ಹಂಡೆಯ ಸುಡುನೀರು ಹೊಯ್ದುಕೊಂಡರೆ ಚರ್ಮದೊಳಗಿನ ನೀರನ್ನು ತಡೆದು ನಿಲ್ಲಿಸುವ ಕೊಬ್ಬೇ ತೊಳೆದುಹೋಗುತ್ತದೆ. ಏರಿ ಒಡೆದ ಕೆರೆಗೆ ಮೇಲಿಂದ ಎಷ್ಟು ನೀರು ಬಿಟ್ಟರೇನು?

ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ (ಒಟ್ಟು ಕೊಬ್ಬಿನಂಶದ ಪ್ರಮಾಣ) 76 ಎಂದಿದ್ದರೆ ಅದು ಮೊದಲ ದರ್ಜೆಯದ್ದು, ನಿಜ. ಆದರೂ ಸೋಪು ಸೋಪೇ. ಅದಕ್ಕೆ ಬದಲು ‘ಸಿಂಡೆಟ್ ಬಾರ್’ ಅಥವಾ ‘ಸೋಪ್ ಫ್ರೀ’ ಎಂದು ಬರೆದದ್ದನ್ನು ಕೇಳಿ ತನ್ನಿ. ಇದು ಗಡಸು ನೀರಲ್ಲೂ ಪೊರೆ ಕಟ್ಟುವುದಿಲ್ಲ. ನೊರೆ ಕಡಿಮೆ, ಹಾಗೆಂದು ಕೊಳೆ ಹೋಗಲಿಲ್ಲ ಅಂದುಕೊಳ್ಳಬೇಡಿ. ಅದನ್ನೂ ಕಂಕುಳು, ತೊಡೆಸಂದಿ, ಪಾದಕ್ಕಷ್ಟೇ ಬಳಸಿ. ಮೊಣಕಾಲ ಕೆಳಗೆ ಬರೀ ನೀರು ಸಾಕು. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ ಮುಗಿಯಬೇಕು. ಮೈ ಉಜ್ಜುವ ಕಲ್ಲು, ನೈಲಾನ್ ಜಾಲರಿ ಎರಡನ್ನೂ ಕೆಲವು ತಿಂಗಳು ಕಣ್ಣಿಗೆ ಕಾಣದ ಕಡೆ ಇಡಿ.

ಇನ್ನು ಹಚ್ಚುವ ಹೊತ್ತು. ಟವೆಲ್ಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ತುಸು ಒದ್ದೆ ಇರುವಾಗಲೇ, ಮೂರು ನಿಮಿಷದೊಳಗೆ ಹಚ್ಚಬೇಕು. ಸೀರೆ ಉಟ್ಟು, ದೇವರಿಗೆ ದೀಪ ಹಚ್ಚಿ, ತಿಂಡಿ ಮುಗಿಸಿ ಹಚ್ಚಿದರೆ ಅರ್ಧ ಕೆಲಸ ಕೆಟ್ಟಂತೆ. ಎರಡು ಕಾಲಿಗೇ ಎರಡು ಟೀ ಚಮಚದಷ್ಟು ಬೇಕು. ಇಡೀ ಮೈಗೆ ಒಂದು ಸಲಕ್ಕೆ 25–30 ಗ್ರಾಂ. ನೂರು ಗ್ರಾಂ ಟ್ಯೂಬನ್ನು ಎರಡು ತಿಂಗಳು ಎಳೆಯುವವರಿಗೆ ಯಾವ ಕಂಪನಿಯದ್ದೂ ಹಿಡಿಸುವುದಿಲ್ಲ!

ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಿ. ನೀರು ಹಿಡಿದಿಡಲು ಗ್ಲಿಸರಿನ್ ಅಥವಾ ಯೂರಿಯಾ, ಸೋರದಂತೆ ಮುಚ್ಚಲು ಪೆಟ್ರೋಲೇಟಂ, ಲಿಕ್ವಿಡ್ ಪ್ಯಾರಫಿನ್ ಅಥವಾ ಡೈಮೆಥಿಕೋನ್ ಇರಬೇಕು. ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು) ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು ಬರುತ್ತದೆ, ಗ್ಲಿಸರಿನ್ ಸುಗಂಧಕ್ಕಿಂತ ಕೆಳಗಿದ್ದರೆ ಆ ಬಾಟಲಿ ಅಲ್ಲೇ ಇಡಿ. ಲೋಷನ್ನಿನಲ್ಲಿ ನೀರು ಹೆಚ್ಚು, ಬೇಸಿಗೆಗೆ ಸಾಕು. ಚಳಿಗೆ ಗಟ್ಟಿ ಕ್ರೀಮ್, ಅದರ ಮೇಲೆ ತೆಳುವಾಗಿ ಬಿಳಿ ಪೆಟ್ರೋಲಿಯಂ ಜೆಲ್ಲಿ. ನಿಮ್ಮ ಒಂದು ಗಂಟೆಯ ಕಥೆಗೆ ಕಾರಣ ಈ ಮುಚ್ಚಳ ಇಲ್ಲದಿದ್ದದ್ದೇ.

ದುಡ್ಡು ಉಳಿಸಬೇಕೆಂದರೆ ಒಂದು ಪಾಲು ಗ್ಲಿಸರಿನ್‌ಗೆ ನಾಲ್ಕು ಪಾಲು ಕುದಿಸಿ ಆರಿಸಿದ ನೀರು ಬೆರೆಸಿ ಒದ್ದೆ ಮೈಗೆ ಹಚ್ಚಿ, ಮೇಲೆ ಜೆಲ್ಲಿ ಸವರಿ. ನೀರು ಬೆರೆಸದ ಗ್ಲಿಸರಿನ್ ಒಣಗಾಳಿಯಲ್ಲಿ ಚರ್ಮದ ಒಳಗಿನ ನೀರನ್ನೇ ಎಳೆಯುತ್ತದೆ. ಮನೆಯಲ್ಲಿ ಬೆರೆಸಿದ್ದನ್ನು ಎರಡು ದಿನಕ್ಕಿಂತ ಇಡಬೇಡಿ. ಉಗುರಿನಿಂದ ಗೀರಿದರೆ ಬಿಳಿ ಗೆರೆ ಏಳುವುದು ಎರಡು ವಾರದಲ್ಲಿ ಕಡಿಮೆಯಾಗಬೇಕು. ಆಗಲಿಲ್ಲ, ನವೆಯೂ ನಿಲ್ಲಲಿಲ್ಲ ಎಂದರೆ ಥೈರಾಯ್ಡ್, ಸಕ್ಕರೆ, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮದು ಮಿರ್ಚಿ-ಮಂಡಕ್ಕಿ ಅಂಗಡಿ. ಎಡಗೈ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳ ತುದಿ ಮಾತ್ರ ಸಿಪ್ಪೆ ಎದ್ದು ಸೀಳುತ್ತವೆ. ಬಲಗೈ ಸರಿಯಾಗಿದೆ. (ದಾವಣಗೆರೆ)

ಉತ್ತರ: ಬಲಗೈಯಲ್ಲಿ ಚಾಕು, ಎಡಗೈಯ ಆ ಮೂರು ಬೆರಳಲ್ಲಿ ಬೆಳ್ಳುಳ್ಳಿ. ನಿಮ್ಮ ಅರ್ಧ ಉತ್ತರ ನೀವೇ ಬರೆದಿದ್ದೀರಿ. ಬೆಳ್ಳುಳ್ಳಿಯ ಡೈಅಲೈಲ್ ಡೈಸಲ್ಫೈಡ್ ಎಂಬ ಅಂಶಕ್ಕೆ ಕೆಲವರ ಚರ್ಮ ಹೀಗೆ ಅಲರ್ಜಿ ತೋರಿಸುತ್ತದೆ, ಎಡಚರಾದರೆ ಬಲಗೈಯಲ್ಲಿ. ರಬ್ಬರ್ ಕೈಗವಸನ್ನು ನಂಬಬೇಡಿ, ಅದರೊಳಗೂ ಇದು ಇಳಿಯುತ್ತದೆ. ಎಸಳು ಬಿಡಿಸಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಜೋರಾಗಿ ಅಲ್ಲಾಡಿಸಿದರೆ ಬಹುಪಾಲು ಸಿಪ್ಪೆ ತಾನೇ ಬಿಡುತ್ತದೆ, ಉಳಿದದ್ದು ಬೇರೆಯವರ ಕೈಗೆ ಕೊಡಿ. ಪಾತ್ರೆ ತೊಳೆಯುವಾಗ ಒಳಗೆ ಹತ್ತಿಯದು, ಹೊರಗೆ ವಿನೈಲ್ ಕೈಗವಸು ಹಾಕಿ, ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆಯಿರಿ. ಒಳಗೆ ಬೆವರು ನಿಂತರೆ ಅದೂ ಕೆಡಿಸುತ್ತದೆ. ರಾತ್ರಿ ಸೀಳಿಗೆ ಜೆಲ್ಲಿ ತುಂಬಿ ಹತ್ತಿ ಕೈಗವಸು ಹಾಕಿ ಮಲಗಿ. ಮೂರ್ನಾಲ್ಕು ವಾರ ಬೆಳ್ಳುಳ್ಳಿ ಮುಟ್ಟದೆಯೂ ವಾಸಿಯಾಗದಿದ್ದರೆ ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ (ಪಟ್ಟಿ ಅಂಟಿಸಿ ಮಾಡುವ ಅಲರ್ಜಿ ಪರೀಕ್ಷೆ) ಮಾಡಿಸಿ.

ಪ್ರಶ್ನೆ: ಎಂಟು ತಿಂಗಳ ಮಗು. ಕೆನ್ನೆ ಕೆಂಪಾಗಿ ಒರಟು, ಮೊಣಕೈ ಮಡಿಕೆಯಲ್ಲೂ ಹಾಗೇ. ನಮ್ಮತ್ತೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಉಜ್ಜಿ, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಕೊಡುತ್ತಾರೆ. ನಿಲ್ಲಿಸಿ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. (ಹಿರಿಯೂರು)

ಉತ್ತರ: ಎಲ್ಲವನ್ನೂ ನಿಲ್ಲಿಸಬೇಕಿಲ್ಲ. ಎಣ್ಣೆ ಹಚ್ಚುವ ಕೆಲಸ ಅತ್ತೆಯವರಲ್ಲೇ ಇರಲಿ, ಸುವಾಸನೆ ಬೆರೆಸದ ಕೊಬ್ಬರಿ ಎಣ್ಣೆ, ಮೆಲ್ಲಗೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ಕಡಲೆಹಿಟ್ಟಿನ ತರಿ, ಹೊಗೆ ಎರಡೂ ಹೋಗಲೇಬೇಕು. ಹಿಟ್ಟು ಗೀರುತ್ತದೆ, ಹೊಗೆ ಚರ್ಮಕ್ಕಷ್ಟೇ ಅಲ್ಲ, ಎಳೆ ಶ್ವಾಸಕ್ಕೂ ಕೆಟ್ಟದ್ದು. ನೀರನ್ನು ಮೊಣಕೈ ಅದ್ದಿ ನೋಡಿ, ಬಿಸಿಯೆಂದೂ ತಣ್ಣಗೆಂದೂ ಅನಿಸಬಾರದು. ನೀವು ಬರೆದದ್ದು ಮಕ್ಕಳ ಇಸುಬಿನ ಲಕ್ಷಣ. ಸುಗಂಧವಿಲ್ಲದ ಗಟ್ಟಿ ಕ್ರೀಮ್ ದಿನಕ್ಕೆ ಎರಡು ಮೂರು ಸಲ, ರೋಮ ಬಾಗುವ ದಿಕ್ಕಿನಲ್ಲಿ ಸವರಿ. ಹೆಚ್ಚಿದ್ದಾಗ ವಾರಕ್ಕೆ ಕಾಲು ಕಿಲೋ ಮುಗಿಯುತ್ತದೆ, ಗಾಬರಿ ಬೇಡ. ಡಬ್ಬಿಗೆ ಬೆರಳು ಅದ್ದದೆ ಚಮಚದಲ್ಲಿ ತೆಗೆಯಿರಿ. ನಿಮ್ಮ ಕಡೆಯ ಕಂಬಳಿ ಬೆಚ್ಚಗಿರುತ್ತದೆ, ಆದರೆ ಮಗುವಿನ ಮೈಗೂ ಅದಕ್ಕೂ ನಡುವೆ ಹತ್ತಿ ಬಟ್ಟೆ ಇರಲಿ. ಹಳದಿ ಹಕ್ಕಳೆ, ಕೀವು, ಜ್ವರ ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಮುಖ ಒಣಗಿ ಸಿಪ್ಪೆ ಏಳುತ್ತದೆ, ಜೊತೆಗೆ ಮೊಡವೆ. ಫೇಸ್‌ವಾಶ್ ದಿನಕ್ಕೆ ನಾಲ್ಕು ಸಲ, ರಾತ್ರಿ ಮೊಡವೆಗೆ ಅಡಾಪಲೀನ್ ಜೆಲ್. ರೂಮ್‌ಮೇಟ್ ನಿಂಬೆರಸ ಹಚ್ಚು ಅಂತಾನೆ. (ಹಾಸ್ಟೆಲ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ನಿಂಬೆರಸ ಮಂಡಕ್ಕಿಗೆ ಇರಲಿ, ಮುಖಕ್ಕೆ ಬೇಡ. ಫೇಸ್‌ವಾಶ್ ಎರಡೇ ಸಲ. ಜೆಲ್ಲನ್ನು ಎರಡು ವಾರ ಬಿಟ್ಟು, ಆಮೇಲೆ ದಿನ ಬಿಟ್ಟು ದಿನ ಬಟಾಣಿ ಕಾಳಿನಷ್ಟು ಹಚ್ಚಿ: ಮೊದಲು ತೆಳು ಮಾಯಿಶ್ಚರೈಸರ್, ಹತ್ತು ನಿಮಿಷ ಬಿಟ್ಟು ಜೆಲ್, ಅದರ ಮೇಲೆ ಮತ್ತೆ ಮಾಯಿಶ್ಚರೈಸರ್. ‘ನಾನ್ ಕಾಮಿಡೋಜೆನಿಕ್’ (ಚರ್ಮದ ರಂಧ್ರ ಮುಚ್ಚದ್ದು) ಎಂದಿರುವುದನ್ನೇ ಆರಿಸಿ, ಕೊಬ್ಬರಿ ಎಣ್ಣೆ ಮುಖಕ್ಕೆ ಬೇಡ. ಹೊಸದು ಯಾವುದಾದರೂ ಮೊದಲು ಮುಂಗೈ ಒಳಭಾಗಕ್ಕೆ, ಒಂದೇ ಜಾಗಕ್ಕೆ, ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡಿ. ಸಿಪ್ಪೆ ಹಳದಿಯಾಗಿ ಜಿಡ್ಡಿದ್ದು ಮೂಗಿನ ಪಕ್ಕ, ಹುಬ್ಬಿನಲ್ಲೇ ಏಳುತ್ತಿದ್ದರೆ ಅದು ಒಣಚರ್ಮ ಅಲ್ಲ, ತಲೆಹೊಟ್ಟಿನ ಜಾತಿಯದ್ದು. ಅದಕ್ಕೆ ಔಷಧವೇ ಬೇರೆ.

ಪ್ರಶ್ನೆ: ತೊಡೆಸಂದಿಯಲ್ಲಿ ಉಂಗುರದಂತೆ ತುರಿಕೆ. ಮೆಡಿಕಲ್ ಶಾಪಿನ ಕ್ರೀಮಿಗೆ ಎರಡೇ ದಿನದಲ್ಲಿ ಹೋಗುತ್ತದೆ, ಬಿಟ್ಟರೆ ಇನ್ನೂ ಅಗಲವಾಗಿ ಬರುತ್ತದೆ. (ಜಗಳೂರು)

ಉತ್ತರ: ಇದು ಶಿಲೀಂಧ್ರದಿಂದ ಬರುವ ಹುಳುಕಡ್ಡಿ, ಆ ಕ್ರೀಮಿನಲ್ಲಿ ಸ್ಟೀರಾಯ್ಡ್ ಇದೆ ಎಂಬ ಅನುಮಾನ ಬಲವಾಗಿದೆ. ಅದು ತುರಿಕೆ ಅಡಗಿಸಿ ಶಿಲೀಂಧ್ರವನ್ನು ಬೆಳೆಯಲು ಬಿಡುತ್ತದೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು 2018ರಲ್ಲೇ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದಾರೆ. ಟ್ಯೂಬನ್ನೇ ಹಿಡಿದುಕೊಂಡು ಚರ್ಮವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ವಯಸ್ಸು 62, ಸಕ್ಕರೆ ಕಾಯಿಲೆ ಇದೆ. ಹಿಮ್ಮಡಿ ಬ್ಲೇಡಿನಲ್ಲಿ ಹೆರೆಯುವಷ್ಟು ದಪ್ಪವಾಗಿ ಒಡೆದಿದೆ. (ಹೊಸದುರ್ಗ)

ಉತ್ತರ: ಬ್ಲೇಡ್ ಇಂದೇ ಎಸೆಯಿರಿ ಯಜಮಾನರೇ. ಸಕ್ಕರೆ ಇರುವವರ ಪಾದದಲ್ಲಿ ಗಾಯವಾದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ರಕ್ತ ಒಸರುವ, ಆಳವಾದ ಬಿರುಕಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ಪಾದ ತೊಳೆದು ಒರೆಸಿ, ಯೂರಿಯಾ 10ರಿಂದ 20 ಪ್ರತಿಶತ ಇರುವ ಕ್ರೀಮನ್ನು ದಿನಕ್ಕೆರಡು ಸಲ ಹಿಮ್ಮಡಿಗೆ ಹಚ್ಚಿ. ಬೆರಳ ಸಂದಿಗೆ ಹಚ್ಚಬೇಡಿ, ಅಲ್ಲಿ ತೇವ ನಿಂತರೆ ಕೊಳೆಯುತ್ತದೆ. ಹಚ್ಚಿದ ಮೇಲೆ ಸಡಿಲವಾದ ಹತ್ತಿ ಕಾಲುಚೀಲ ಹಾಕಿ, ಬರಿಗಾಲಲ್ಲಿ ಬಚ್ಚಲಿಗೆ ಹೋದರೆ ಜಾರುತ್ತೀರಿ. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಬೀಡಿ ಸೇದುವ ರೂಢಿಯಿದ್ದರೆ ಇದನ್ನೂ ಕೇಳಿ: ಕ್ರೀಮ್, ಜೆಲ್ಲಿ ಹೀರಿದ ಪಂಚೆ, ಹೊದಿಕೆ ಕಿಡಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತವೆ. ಒಗೆದರೂ ಆ ಜಿಡ್ಡು ಪೂರ್ತಿ ಬಿಡುವುದಿಲ್ಲ.